ಮಾವನ ಮಾರ್ಕ್ಸ್ ಕಾರ್ಡ್

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಹಾಲು ಬಂತು, ನಲ್ಲಿಯಲ್ಲಿ ನೀರು ಬಂತು, ಅತ್ತೆ ಮಾವನ ಜೊತೆ ಜಗಳ ಶುರು ಮಾಡಿದರು. ನನ್ನ ಗಂಡನನ್ನು ಮಣ್ಣು ಮಾಡಿ ಆರು ದಿನವಾಗಿತ್ತು. ನನಗೆ ಏನೂ ಅನ್ನಿಸುತ್ತಿರಲಿಲ್ಲ. ಹಾಲು ಕಾಯಿಸಿದೆ.

ಜಗಳ ಇಂಜೆಕ್ಷನ್ನಿನದು. ಮಾವನಿಗೆ ಪ್ರೊಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್. ಗಂಡು ಹಾರ್ಮೋನನ್ನು ತಗ್ಗಿಸುವ ಮೊದಲ ಇಂಜೆಕ್ಷನ್ ಅಂದು ಹನ್ನೊಂದಕ್ಕೆ ಇತ್ತು. 'ಅಪ್ಪನನ್ನು ಒಪ್ಪಿಸುವುದು ನನ್ನ ಜವಾಬ್ದಾರಿ' ಎಂದಿದ್ದರು ಇವರು, ನನ್ನ ಗಂಡ. ಅಷ್ಟರಲ್ಲಿ ಇವರ ಹೃದಯವೇ ನಿಂತಿತು.

"ಬರಲ್ಲ ಅಂದ್ರೆ ಬರಲ್ಲ." ಮಾವ ಜೇಬಿನಿಂದ ರಕ್ತಪರೀಕ್ಷೆಯ ರಿಪೋರ್ಟು ತೆಗೆದರು. "ಈ ವಯಸ್ಸಲ್ಲೂ ಎಷ್ಟಿದೆ ನೋಡು!"

"ಶುರುವಾಯ್ತು, ಮಾರ್ಕ್ಸ್ ಕಾರ್ಡ್," ಎಂದರು ಅತ್ತೆ.

ಇದರಲ್ಲಿ ನನ್ನ ತಪ್ಪೂ ಇತ್ತು. ನಾನು ಲ್ಯಾಬಿನಲ್ಲಿ ಕೆಲಸ ಮಾಡುವವಳು. ಟೆಸ್ಟೋಸ್ಟಿರಾನ್, ಅಂದರೆ ಆ ಗಂಡು ಹಾರ್ಮೋನು, ಬೆಳಿಗ್ಗೆ ಹೆಚ್ಚಿರುತ್ತದೆ, ಅದಕ್ಕೇ ಆಗಲೇ ರಕ್ತ ತೆಗೆಯುತ್ತೇವೆ ಎಂದು ಹೇಳಿದ್ದೇ ತಡ, ಮಾವ ಐದಕ್ಕೆ ಎದ್ದು, ಮೀಸೆ ಬಾಚಿಕೊಂಡು, ಸಾಲಿನಲ್ಲಿ ಮೊದಲಿಗರಾಗಿ ನಿಂತಿದ್ದರು. ಇಂಜೆಕ್ಷನ್ ಆ ಅಂಕವನ್ನು ಸೊನ್ನೆಯ ಹತ್ತಿರ ಇಳಿಸುತ್ತದೆ ಎಂದು ತಿಳಿದ ದಿನದಿಂದ ಈ ಹಟ.

ಬೀರುವಿನಿಂದ ಮಾಡೆಲ್ ತಂದು ಮೇಜಿನ ಮೇಲಿಟ್ಟೆ. ಗಂಡಸಿನ ಕಿಬ್ಬೊಟ್ಟೆಯನ್ನು ಉದ್ದಕ್ಕೆ ಸೀಳಿದಂತಿದ್ದ ಪ್ಲಾಸ್ಟರ್ ಬೊಂಬೆ. ಅಪ್ಪನಿಗೆ ತೋರಿಸಲೆಂದು, ತಾವು ಪಾಠ ಮಾಡುತ್ತಿದ್ದ ನರ್ಸಿಂಗ್ ಕಾಲೇಜಿನಿಂದ ಇವರು ಎರವಲು ತಂದಿದ್ದರು. ತೋರಿಸಲು ಆಗಿರಲಿಲ್ಲ.

"ಥೂ, ಊಟದ ಮೇಜಿನ ಮೇಲೆ!" ಎಂದ ಅತ್ತೆ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು.

ಸೊಸೆ ಮಾವನಿಗೆ ಹೇಳುವ ಪಾಠವಲ್ಲ ಇದು. ಆದರೆ ಮಾವ ನಲವತ್ತು ವರ್ಷ ಬೀಗ ರಿಪೇರಿ ಮಾಡಿದವರು.

"ಹಾರ್ಮೋನು ಕೀ ಇದ್ದ ಹಾಗೆ, ಮಾವ. ಮೆದುಳಿನ ಕೆಳಗಿರೋ ಗ್ರಂಥಿ ಆರ್ಡರ್ ಕಳಿಸುತ್ತೆ, ವೃಷಣದಲ್ಲಿ ಕೀ ತಯಾರಾಗುತ್ತೆ, ರಕ್ತದಲ್ಲಿ ಮೈಯೆಲ್ಲ ಸುತ್ತುತ್ತೆ. ಹೊಂದೋ ಬೀಗ ಇರೋ ಕಡೆ ಮಾತ್ರ ಅದರ ಕೆಲಸ."

"ಎಲ್ಲಾ ಕಡೆಗೂ ಒಂದೇ ಕೀ?"

"ಹೆಚ್ಚುಕಮ್ಮಿ. ಗಲ್ಲದಲ್ಲಿ ಗಡ್ಡ ಬೆಳೆಸುತ್ತೆ, ನೆತ್ತಿ ಮೇಲೆ ಕೂದಲು ಉದುರಿಸುತ್ತೆ."

ಮಾವ ಬೋಳುನೆತ್ತಿ ಸವರಿಕೊಂಡರು. "ಇದೂ ಅದರದ್ದೇ ಕೆಲಸಾನಾ?"

"ಅದನ್ನೇ ಜೇಬಲ್ಲಿಟ್ಕೊಂಡು ಮೆರೀತಿದೀರಿ," ಎಂದರು ಅತ್ತೆ.

"ಈ ಕ್ಯಾನ್ಸರ್ ಬೆಳೆಯೋದೂ ಅದೇ ಕೀಯಿಂದ," ಎಂದೆ.

ಮಾವ ಪ್ರೊಸ್ಟೇಟಿನ ತುಂಡನ್ನು ಕಳಚಿ ಬೆರಳಲ್ಲಿ ತಿರುಗಿಸಿದರು. "ಅಂದ್ರೆ ಕೀ ಕಳ್ಳನ ಕೈ ಸೇರಿದೆ."

"ಹೌದು. ಇಂಜೆಕ್ಷನ್ ಆ ಮೆದುಳಿನ ಕೆಳಗಿರೋ ಗ್ರಂಥಿಗೆ ಬಿಡದೆ ಕೂಗ್ತಾನೇ ಇರುತ್ತೆ. ಕೊನೆಗೆ ಗ್ರಂಥಿ ಕಿವುಡಾಗಿ, ಆರ್ಡರ್ ಕಳಿಸೋದನ್ನೇ ಬಿಡುತ್ತೆ."

"ಮದುವೆಯಾದಾಗಿಂದ ನಾನು ಮಾಡ್ತಿರೋ ಕೆಲಸವೇ," ಎಂದರು ಅತ್ತೆ.

ಮಾವ ನಗಲಿಲ್ಲ. ತುಂಡನ್ನೇ ನೋಡುತ್ತ ಕೇಳಿದರು: "ನನ್ನ ದನಿ ಹೆಂಗಸರ ಥರ ಆಗುತ್ತೇನಮ್ಮ?"

"ಇಲ್ಲ ಮಾವ. ಒಂದು ಸಲ ಒಡೆದ ದನಿ ಹಿಂದಕ್ಕೆ ಹೋಗಲ್ಲ. ಮೀಸೆನೂ ಇರುತ್ತೆ. ಆಸೆ ಕಡಿಮೆಯಾಗುತ್ತೆ, ಸುಸ್ತಾಗುತ್ತೆ. ಆಗಾಗ ಮೈ ಕಾದು ಬೆವರುತ್ತೆ."

"ಬೆವರ್ಲಿ!" ಅತ್ತೆ ಮೇಜು ಕುಟ್ಟಿದರು. "ಮುಟ್ಟು ನಿಂತ ವರ್ಷ ನಾನು ಬೆವರ್ತಿದ್ರೆ, ಚಳಿ ಅಂತ ಫ್ಯಾನ್ ಆರಿಸಿದ್ರಲ್ಲ!"

ನನ್ನ ಬಾಯಿಂದ ನಗು ಹೊರಬಿತ್ತು. ಯಾರದೋ ನಗುವಿನ ಹಾಗೆ ಕೇಳಿಸಿತು.

ಅತ್ತೆ ನನ್ನನ್ನು ನೋಡಿ, ಮಾವನತ್ತ ತಿರುಗಿದರು. "ನಾನು ಫ್ಯಾನ್ ಹಾಕ್ತೀನಿ. ನೀವು ಇದ್ರೆ ಸಾಕು. ಒಬ್ಬನನ್ನ ಕಳಿಸಿದ್ದಾಯ್ತು."

ಮಾವ ರಿಪೋರ್ಟನ್ನು ಮಡಚಿ ನನ್ನ ಕೈಗಿಟ್ಟು, ಚಪ್ಪಲಿ ಹುಡುಕಲು ಎದ್ದರು.

ಇಂಜೆಕ್ಷನ್ ಆದ ಮೇಲೆ ಕಾಲೇಜಿಗೆ ಹೋದೆವು. ಬಸ್ಸಿನಲ್ಲಿ ಮಾಡೆಲನ್ನು ಮಾವನೇ ತೊಡೆಯ ಮೇಲಿಟ್ಟುಕೊಂಡಿದ್ದರು. ಸುತ್ತಿದ ಬಟ್ಟೆ ಸರಿದು, ಎದುರು ಸೀಟಿನ ಹೆಂಗಸು ಮುಖ ತಿರುಗಿಸಿದಳು. ಮಾವ ಸರಿಪಡಿಸಲಿಲ್ಲ.

ಸ್ಟೋರಿನವರು ತುಂಡುಗಳನ್ನು ಒಂದೊಂದಾಗಿ ನೋಡಿ, ನನ್ನ ಗಂಡನ ಬಗ್ಗೆ ಏನೋ ಹೇಳಲು ಬಾಯಿ ತೆರೆದರು.

"ಪ್ರೊಸ್ಟೇಟಿನ ಕೊಕ್ಕೆ ಸಡಿಲ ಇತ್ತು," ಎಂದರು ಮಾವ. "ಬಿಗಿ ಮಾಡಿದೀನಿ."

ಎರವಲು ಪುಸ್ತಕದಲ್ಲಿ ಇವರ ಸಹಿಯ ಪಕ್ಕ 'ಮರಳಿಸಿದೆ' ಎಂದು ಬರೆದು, ನನ್ನ ಸಹಿ ಹಾಕಿದೆ.