ಎಡಗೈ ಸಾಲು

ಅಮ್ಮನ ಮಂಚದ ಕೆಳಗಿನಿಂದ ಟ್ರಂಕನ್ನು ಎಳೆದು ಅಕ್ಕ ಎರಡನೆಯ ಸಲ ತಡಕುತ್ತಿದ್ದಳು. ಪಕ್ಕದ ನಡುಮನೆಯಲ್ಲಿ ಅಮ್ಮನನ್ನು ಮಲಗಿಸಿದ್ದರು. ಶವದ ಗಾಡಿ ಹನ್ನೊಂದಕ್ಕೆ ಬರುತ್ತದೆಂದು ತಮ್ಮ ಹೇಳಿದ್ದ, ಈಗಾಗಲೇ ಹತ್ತು ದಾಟಿತ್ತು. ಟ್ರಂಕಿನಲ್ಲಿ ಸ್ವೆಟರು, ಆಸ್ಪತ್ರೆಯ ಗುರುತಿನ ಚೀಟಿ, ಗುಂಡಿ ತುಂಬಿದ ಮಾತ್ರೆಡಬ್ಬಿ ಎಲ್ಲ ಇದ್ದವು. ಕೌದಿ ಮಾತ್ರ ಇರಲಿಲ್ಲ.

"ಕೌದಿ ಹುಡುಕ್ತಿದ್ದೀರಾ ಅಕ್ಕ?" ಬಾಗಿಲಲ್ಲಿ ತಮ್ಮನ ಹೆಂಡತಿ ನಿಂತಿದ್ದಳು. "ಅದು ನಮ್ಮ ರೂಮಲ್ಲಿದೆ."

'ನಮ್ಮ ರೂಮು' ಅಂತೆ! ಅಮ್ಮ ಹೋಗಿ ಒಂದು ದಿನವಾಗಿಲ್ಲ, ಕೌದಿ ಆಗಲೇ ಇವಳ ಪಾಲಿಗೆ ಸೇರಿಯಾಯಿತು. ಅಕ್ಕ ಎದ್ದು ಟ್ರಂಕನ್ನು ಕಾಲಿನಿಂದಲೇ ಒಳಗೆ ತಳ್ಳಿದಳು.

ಆ ಕೌದಿಗೆ ನೂರು ವರ್ಷ ದಾಟಿತ್ತು. ಅಮ್ಮನ ಮುತ್ತಜ್ಜಿ ಹಿಟ್ಟಿನ ಚೀಲದ ಬಟ್ಟೆಯನ್ನು ನೀಲಿಯಲ್ಲಿ ಅದ್ದಿ ಮೊದಲ ಸಾಲು ಹೊಲಿದಿದ್ದಳು. ಅಲ್ಲಿಂದ ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಸಾಲು. ಅಜ್ಜಿಯ ಸಾಲು ಅಂಚೆಯವನಾಗಿದ್ದ ಗಂಡನ ಖಾಕಿ, ಅಮ್ಮನ ಸಾಲು ಆಸ್ಪತ್ರೆಯಲ್ಲಿ ತೆಗೆದುಹಾಕಿದ ಬಿಳಿ ಹಾಸುಬಟ್ಟೆ, ಮೂಲೆಯಲ್ಲಿ ಕೆಂಪು ದಾರದ ವಾರ್ಡ್ ನಂಬರಿನ ಸಮೇತ. ಪ್ರತಿ ಚೌಕಕ್ಕೂ ಒಳಬಟ್ಟೆ ಕೊಟ್ಟು ಬೇರೆಯಾಗಿ ಹೊಲಿದು, ಆಮೇಲೆ ಸಾಲಿಗೆ ಕೂಡಿಸಬೇಕು. ಸಾಲು ಬಲತುದಿಯಿಂದಲೇ ಶುರುವಾಗಬೇಕು. ಅಂಚು ಕಟ್ಟಿ ಮುಗಿಸುವ ಹಾಗಿಲ್ಲ. ತನ್ನ ಸಾಲು ಮುಗಿದವಳು ಮುಂದಿನವಳಿಗೆಂದು ದಾರ ಪೋಣಿಸಿದ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿ ಬಿಡಬೇಕು.

ಮುಂದಿನವಳು ಯಾರು ಎಂದು ಅಮ್ಮ ಬಾಯಿಬಿಟ್ಟು ಹೇಳಲೇ ಇಲ್ಲ. ಹೇಳುವುದೇನು ಬಂತು? ಮೂರು ವರ್ಷದಿಂದ ಅಕ್ಕ ಬಂದಾಗೆಲ್ಲ ಅತ್ತೆ ಸೊಸೆ ಕಿಟಕಿಯ ಹತ್ತಿರ ತಲೆಗೆ ತಲೆ ತಾಗಿಸಿಕೊಂಡು ಕೌದಿಯ ಮೇಲೆ ಬಗ್ಗಿರುತ್ತಿದ್ದರು. ಅಕ್ಕ ಒಳಗೆ ಕಾಲಿಟ್ಟ ಕೂಡಲೇ ಅಮ್ಮ ಅದನ್ನು ಮಡಚಿಬಿಡುತ್ತಿದ್ದಳು.

* * *

ಅಕ್ಕನಿಗೆ ಆಗ ಹನ್ನೊಂದು ವರ್ಷ. ಗುಬ್ಬಚ್ಚಿ ಚಿತ್ರದ ಹಳದಿ ಫ್ರಾಕು ಗಿಡ್ಡವಾದಾಗ, ಅದರಲ್ಲೊಂದು ಚೌಕ ಕತ್ತರಿಸಿ ಕೊಟ್ಟು ಅಮ್ಮ ಹೊಲಿ ಅಂದಿದ್ದಳು. ಹುಡುಗಿ ಎಡಚಿ. ಎರಡು ದಿನ ನಾಲಗೆ ಕಚ್ಚಿಕೊಂಡು ಹೊಲಿದು ಅಮ್ಮನ ಸಾಲಿಗೆ ತಾನೇ ಕೂಡಿಸಿ ತೋರಿಸಿದಳು.

ಅಮ್ಮ ಬೆಳಕಿಗೆ ಹಿಡಿದು ನೋಡಿ ನಕ್ಕಳು. "ಏನೇ ಇದು, ಕನ್ನಡಿ ಒಳಗೆ ಕೂತು ಹೊಲಿದ ಹಾಗಿದೆ. ಎಲ್ಲಾರದ್ದೂ ಒಂದು ಕಡೆ ವಾಲಿದ್ರೆ ನಿಂದು ಇನ್ನೊಂದು ಕಡೆ."

ಮರುದಿನ ಶಾಲೆಯಿಂದ ಬಂದು ನೋಡಿದರೆ ಗುಬ್ಬಚ್ಚಿಗಳಿದ್ದ ಜಾಗದಲ್ಲಿ ಬಿಳಿ ಚೌಕವಿತ್ತು. ಹುಡುಗಿ ಕೇಳಲಿಲ್ಲ, ಅಮ್ಮ ಹೇಳಲಿಲ್ಲ. ಅಂದಿನಿಂದ ಅವಳು ಕೈಹೊಲಿಗೆಯನ್ನೇ ಬಿಟ್ಟಳು. ದೊಡ್ಡವಳಾಗಿ ಪರದೆ ಹೊಲಿಯುವ ಅಂಗಡಿ ಇಟ್ಟಳು. ಮಿಷನ್ನಿಗೆ ಎಡ ಬಲದ ಭೇದವಿಲ್ಲ ಎಂದು ಗಿರಾಕಿಗಳಿಗೆ ಹೇಳಿ ನಗುತ್ತಿದ್ದಳು.

* * *

ನಡುಮನೆಯಲ್ಲಿ ಟೇಪಮ್ಮ ಮಾತಾಡುತ್ತಿದ್ದಳು. ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಅಮ್ಮನ ಜೊತೆ ಮೂವತ್ತೊಂದು ವರ್ಷ ಕೂತವಳು, ಕೊರಳಲ್ಲಿ ಸದಾ ಅಳತೆಟೇಪು ನೇತಾಡುತ್ತಿದ್ದುದರಿಂದ ಆ ಹೆಸರು. ಹಾಸುಬಟ್ಟೆ ನಡುವೆ ಸವೆದರೆ ಅಮ್ಮ ಅದನ್ನು ಉದ್ದಕ್ಕೆ ಸೀಳಿ, ಗಟ್ಟಿ ಅಂಚುಗಳನ್ನು ನಡುವಿಗೆ ತಂದು ಕೂಡಿಸುತ್ತಿದ್ದಳಂತೆ. ತೇಪೆ ಹಾಕಿದ್ದನ್ನು ಕಾಲಿನ ಕಡೆಗೇ ಬರುವಂತೆ ಮಡಚುತ್ತಿದ್ದಳಂತೆ. ಮಲಗಿದವನಿಗೆ ಹಳೇದು ಕೊಟ್ರು ಅಂತ ಅನ್ನಿಸಬಾರದು ಎನ್ನುತ್ತಿದ್ದಳಂತೆ. ತನ್ನ ಮನೆಗೆ ಮಾತ್ರ ಒಂದು ಹೊಸ ಹಾಸುಬಟ್ಟೆ ಕೊಂಡವಳಲ್ಲ.

ಮಾತು ಕೌದಿಗೆ ಬಂತು. ಊರಿನ ವಸ್ತುಸಂಗ್ರಹಾಲಯದವರು ಎರಡು ಸಲ ಬಂದು ನೋಡಿದ್ದರು, ಅರ್ಧಕ್ಕೆ ನಿಂತಿರುವುದೇ ಅದರ ಬೆಲೆ, ಹಾಗೆಯೇ ಗಾಜಿನೊಳಗೆ ಇಡುತ್ತೇವೆ ಅಂದಿದ್ದರು ಎಂದ ತಮ್ಮ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಅಮ್ಮ ಕೊನೇವರೆಗೂ ಅದನ್ನ ಇಟ್ಕೊಂಡು ಕೂತಿದ್ದು ಇವಳ ಜೊತೆ ತಾನೇ? ಏನು ಮಾಡ್ಬೇಕು ಅಂತ ಇವಳೇ ಹೇಳ್ಲಿ" ಅಂದ.

ಅಕ್ಕನ ಬಾಯಿಂದ ಮಾತು ತಾನಾಗಿ ಹೊರಬಿತ್ತು. "ಯಾರಿಗೂ ಬೇಡ. ಅಮ್ಮನಿಗೇ ಹೊದಿಸಿ ಕಳಿಸೋಣ. ಅಮ್ಮನ ಜೊತೆಗೇ ಹೋಗ್ಲಿ."

ಎಲ್ಲರೂ ತಲೆದೂಗಿದರು. ಇಂಥ ಮನಸ್ಸು ಹೆತ್ತ ಮಗಳಿಗಲ್ಲದೆ ಇನ್ನಾರಿಗೆ ಬಂದೀತು ಎಂದು ಟೇಪಮ್ಮ ಕಣ್ಣೊರೆಸಿಕೊಂಡಳು. ಅಕ್ಕನಿಗೆ ತನ್ನ ಮನಸ್ಸು ಎಂಥದೆಂದು ಚೆನ್ನಾಗಿ ಗೊತ್ತಿತ್ತು. ತನಗೆ ದಕ್ಕದ್ದು ಇವಳಿಗೂ ದಕ್ಕಬಾರದು, ಅಷ್ಟೇ.

ತಮ್ಮನ ಹೆಂಡತಿಯ ಮುಖ ಬಿಳಿಚಿಕೊಂಡಿತು. ಅಳಬಹುದು, ಜಗಳಕ್ಕೆ ಬರಬಹುದು ಎಂದು ಅಕ್ಕ ಸೊಂಟ ಕಟ್ಟಿಕೊಂಡು ನಿಂತಿದ್ದಳು. ಅವಳು ಒಳಗೆ ಹೋಗಿ ದಿಂಬಿನ ಚೀಲದಲ್ಲಿದ್ದ ಕೌದಿಯನ್ನು ತಂದುಕೊಟ್ಟಳು.

ಟೇಪಮ್ಮ ನೀಲಿ ಸಾಲನ್ನು ಅಮ್ಮನ ಎದೆಯ ಮೇಲೆ ಎಳೆದಳು. ಮುಗಿಯದ ತುದಿ ಕಾಲಿನ ಕಡೆ ಅಕ್ಕನ ಕೈಗೆ ಬಂತು. ಅಮ್ಮನ ಬಿಳಿ ಸಾಲು ಪೂರ್ತಿಯಾಗಿತ್ತು. ಅದರ ಕೆಳಗೆ ಬಲತುದಿ ನೋಡಿದಳು, ಬರಿದು. ಸೊಸೆಗೆ ಇನ್ನೂ ಸೂಜಿ ಸಿಕ್ಕಿಲ್ಲ! ಇಂಥ ಹೊತ್ತಿನಲ್ಲೂ ಅವಳಿಗೆ ಸಂತೋಷವಾಯಿತು. ಆ ಸಂತೋಷದಲ್ಲೇ ಬಟ್ಟೆಯನ್ನು ಸರಿಮಾಡುತ್ತ ಎಡತುದಿಗೆ ಬಂದಳು.

ಎಡತುದಿಯಲ್ಲಿ ಗುಬ್ಬಚ್ಚಿಗಳಿದ್ದವು. ಹಳದಿ ಮಾಸಿತ್ತು, ಆದರೆ ಚೌಕದೊಳಗಿನ ಒಂದು ಹೊಲಿಗೆಯನ್ನೂ ಮುಟ್ಟಿರಲಿಲ್ಲ. ಎಲ್ಲವೂ ಹಾಗೆಯೇ ಇನ್ನೊಂದು ಕಡೆಗೆ ವಾಲಿಕೊಂಡಿದ್ದವು. ಚೌಕದ ಪಕ್ಕದಲ್ಲಿ, ಎಡಗೈಯವಳು ಸಾಲು ಶುರುಮಾಡಬೇಕಾದ ಜಾಗದಲ್ಲಿ, ದಾರ ಪೋಣಿಸಿದ ಸೂಜಿ ಚುಚ್ಚಿತ್ತು.

"ಇದು ಯಾವಾಗ..." ಅಕ್ಕ ಚೌಕದ ಮೇಲೆ ಬೆರಳಿಟ್ಟಳು.

ತಮ್ಮನ ಹೆಂಡತಿ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಹೇಳಿದಳು. "ಹೋದ ತಿಂಗಳು ಅತ್ತೇನೇ ಕೂಡಿಸಿದ್ರು. ಅತ್ತೆಗೆ ಕಣ್ಣು ಕಾಣ್ತಿರ್ಲಿಲ್ಲ, ದಾರ ಪೋಣಿಸಿ ಕೊಡ್ತಿದ್ದೆ, ಅಷ್ಟೇ. ನನಗೆಲ್ಲಿ ಹೊಲಿಯಕ್ಕೆ ಬರುತ್ತೆ? 'ಬಿಚ್ಚಿದವಳು ನಾನು, ಯಾವ ಮುಖ ಇಟ್ಕೊಂಡು ಅವಳನ್ನ ಕರೀಲಿ, ಅವಳಾಗೇ ಕೇಳ್ಲಿ' ಅಂತಿದ್ರು ಅತ್ತೆ."

"ನೀನಾದ್ರೂ ಹೇಳ್ಬಾರದಿತ್ತಾ? ಈಗ್ಲಾದ್ರೂ?"

"ಮೂರು ವರ್ಷ ದಾರ ಪೋಣಿಸಿದ್ದು ನಾನು. ಸಾಲು ನಿಮ್ಮದು. ನನಗೂ ಹೊಟ್ಟೆ ಉರೀತಿತ್ತು ಅಕ್ಕ. ಹೋದ್ರೆ ಹೋಗ್ಲಿ ಅಂತ ಸುಮ್ಮನಿದ್ದೆ."

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ನಾಲ್ವರು ಎತ್ತಲು ಒಳಗೆ ಬಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹತ್ತು ನಿಮಿಷದ ಹಿಂದೆ ಎಲ್ಲರ ಕಣ್ಣಲ್ಲಿ ದೊಡ್ಡವಳಾದ ಅಕ್ಕ ಬಗ್ಗಿ ಅಮ್ಮನ ಮೈಮೇಲಿನ ಕೌದಿಯನ್ನು ಎಳೆದು ತನ್ನ ತೋಳಿಗೆ ಸುತ್ತಿಕೊಂಡಳು.

"ಬೇಡ," ಅಂದಳು. "ಇದು ನನಗೆ ಬೇಕು."

ಸತ್ತವರ ಕೈಯ ಬಳೆ ಬಿಚ್ಚಿಕೊಂಡವರನ್ನು ನೋಡುವ ಹಾಗೆ ಟೇಪಮ್ಮ ಅವಳನ್ನು ನೋಡಿದಳು. ಯಾರೋ ಹಿಂದಿನಿಂದ, ಆಸೆಗೆ ಕೊನೆ ಎಲ್ಲಿ ಎಂದರು. ತಮ್ಮ ತಲೆ ತಗ್ಗಿಸಿದ. ಅಕ್ಕ ಮಂಚದ ಮೇಲಿದ್ದ ಹಳೆಯ ತೇಪೆಯ ಹಾಸುಬಟ್ಟೆಯನ್ನು ತಂದು, ತೇಪೆ ಕಾಲಿನ ಕಡೆ ಬರುವಂತೆ ಅಮ್ಮನಿಗೆ ಹೊದಿಸಿದಳು.

* * *

ಗಾಡಿಯ ಹಿಂದೆ ಹೊರಟ ವ್ಯಾನಿನಲ್ಲಿ ಅಕ್ಕನ ಪಕ್ಕ ಕೂರಲು ಯಾರೂ ಬರಲಿಲ್ಲ. ಕಡೆಗೆ ತಮ್ಮನ ಹೆಂಡತಿ ಬಂದು ಕೂತಳು.

ಅಕ್ಕ ತೊಡೆಯ ಮೇಲಿನ ಕೌದಿಯಿಂದ ಸೂಜಿ ಕಿತ್ತು ಎಡಗೈಯಲ್ಲಿ ಹಿಡಿದಳು. ಅದರಲ್ಲಿದ್ದ ದಾರ ಈ ಪಕ್ಕದವಳು ಪೋಣಿಸಿದ್ದು. ಅಮ್ಮನ ಭುಜಕ್ಕೆ ಭುಜ ತಾಗಿಸಿ ಕೂತು ಪೋಣಿಸಿದ್ದು. ಆ ಯೋಚನೆ ಬಂದದ್ದೇ ತಡ, ಹೊಟ್ಟೆಯಲ್ಲಿ ಆರಿದೆ ಎಂದುಕೊಂಡಿದ್ದ ಕಿಚ್ಚು ಮತ್ತೆ ಹತ್ತಿತು. ದಾರವನ್ನು ಸೂಜಿಯಿಂದ ಸರ್ರನೆ ಎಳೆದುಬಿಟ್ಟಳು. ತುದಿಯನ್ನು ನಾಲಗೆಗೆ ತಾಗಿಸಿ ಮತ್ತೆ ತಾನೇ ಪೋಣಿಸಲು ಹೋದಳು. ಒಂದು ಸಲ ತಪ್ಪಿತು. ಎರಡನೇ ಸಲವೂ ತಪ್ಪಿತು. ಅವಳಿಗೂ ಐವತ್ತೆಂಟು, ಕನ್ನಡಕ ಮನೆಯಲ್ಲೇ ಉಳಿದಿತ್ತು.

ತಮ್ಮನ ಹೆಂಡತಿ ಗುಬ್ಬಚ್ಚಿಗಳ ಮೇಲೆ ಅಂಗೈ ಚಾಚಿದಳು. ಅಕ್ಕ ಮೂರನೇ ಸಲ ಪ್ರಯತ್ನಿಸಿದಳು, ನಾಲ್ಕನೇ ಸಲವೂ. ವ್ಯಾನು ತಿರುವಿನಲ್ಲಿ ನಿಧಾನವಾಗುವವರೆಗೂ ಆ ಅಂಗೈ ಹಾಗೆಯೇ ಇತ್ತು. ಅಕ್ಕ ಹೊರಗೆ ನೋಡುತ್ತಲೇ ಸೂಜಿಯನ್ನೂ ದಾರವನ್ನೂ ಅದರಲ್ಲಿಟ್ಟಳು, ಪಕ್ಕದವಳಿಗೆ ಕಿಟಕಿಯ ಬೆಳಕು ಸಿಗಲೆಂದು ತುಸು ಹಿಂದಕ್ಕೆ ಒರಗಿದಳು.