ಇದು ಕ್ಯಾಥೊಲಿಕ್ ಮನೆ

ಇರ್ಮಾ ಗಾರ್ಸಾ ಬಾಗಿಲು ತಟ್ಟಿದ ಕೂಡಲೇ ಒಳಗೆ ಹಾಡುತ್ತಿದ್ದ ರೇಡಿಯೋ ಬಾಯಿ ಮುಚ್ಚಿತು. ಕಿಟಕಿಯ ಪರದೆ ಒಮ್ಮೆ ಅಲುಗಿ ನಿಂತಿತು. ಬಾಗಿಲ ಮೇಲೆ, ಗ್ವಾದಲೂಪೆಯ ಮಾತೆ ಮರಿಯಮ್ಮನ ಚಿತ್ರದ ಕೆಳಗೆ, ಬಿಸಿಲಿಗೆ ಬಣ್ಣ ಬಿಟ್ಟ ಒಂದು ಚೀಟಿ: "ಇದು ಕ್ಯಾಥೊಲಿಕ್ ಮನೆ. ಬೇರೆ ಪಂಥದ ಪ್ರಚಾರಕರು ತಟ್ಟಬೇಡಿ."

"ಅಲ್ಲಾಡಬೇಡ," ಎಂದು ಒಳಗೊಂದು ಮುದಿ ದನಿ ಪಿಸುಗುಟ್ಟಿತು. ಅಂಗಳದ ನಾಯಿಗೂ ಕೇಳಿಸುವಂಥ ಪಿಸುಮಾತು. "ಅದೇ ಉದ್ದ ಲಂಗದವಳು. ಕೆಳಗೆ ಕೂತ್ಕೋ."

ಇರ್ಮಾ ತನ್ನನ್ನೇ ನೋಡಿಕೊಂಡಳು. ಉದ್ದ ಲಂಗ, ಕೈಯಲ್ಲಿ ಕರಿ ಚೀಲ, ಎದೆಗವಚಿದ ಕಾಗದಗಳು. ಮನೆ ಮನೆ ಸುತ್ತಿ ಧರ್ಮ ಹಂಚುವವರ ವೇಷವೇ. ಈ ವಾರ ಬಂದಾಗಲೆಲ್ಲ ರೇಡಿಯೋ ಆರಿದ್ದು ಯಾಕೆಂದು ಈಗ ತಿಳಿಯಿತು.

ಶಾಲೆ ತಪ್ಪಿಸುವ ಮಕ್ಕಳ ಪ್ರಕರಣಗಳನ್ನು ನೋಡಿಕೊಳ್ಳಲೆಂದೇ ಕೌಂಟಿಯವರು ಅವಳನ್ನು ಸಣ್ಣ ಕೋರ್ಟಿಗೆ ನೇಮಿಸಿದ್ದು ಈ ಬೇಸಿಗೆಯಲ್ಲಿ. ಅದಕ್ಕೆ ಮುಂಚೆ ಜಡ್ಜ್ ಸಲಿನಾಸ್ ಇಂಥ ಮಕ್ಕಳನ್ನು, ಬೇಲಿ ಹಾರಿದ ದನದ ಜಗಳಕ್ಕೂ ಮನೆ ಖಾಲಿ ಮಾಡಿಸುವ ತಗಾದೆಗೂ ನಡುವೆ, ಕಾಫಿ ಆರುವುದರೊಳಗೆ ಮುಗಿಸುತ್ತಿದ್ದರು. ಹೆಚ್ಚಾಗಿ ಒಂದೇ ತೀರ್ಪು: ಶಾಲೆ ಬಿಡು, ಹೊರಗಿನಿಂದ ಪರೀಕ್ಷೆಗೆ ಕೂರು.

"ನಾನೇನು ಮಾಡ್ಲಿ ಇರ್ಮಾ," ಎಂದಿದ್ದರು. "ಆ ಮಕ್ಕಳು ನನ್ನ ಮುಂದೆ ನಿಂತು ತಮ್ಮ ಬೂಟು ನೋಡ್ತಾವೆ. ನೀನು ಮನೆಗೆ ಹೋಗಿ ಬಾ. ನೀನೂ ಬರಿಗೈಲಿ ಬಂದ್ರೆ ನನಗೆ ಹಳೇ ತೀರ್ಪೇ ಗತಿ."

ಈ ಮನೆಯ ಅರಾಸೆಲಿಯ ವಿಚಾರಣೆ ನಾಳೆ ಬೆಳಿಗ್ಗೆ. ಶಾಲೆಯ ಮರಿಯಾಚಿ ಹಾಡು-ವಾದ್ಯದ ತಂಡದಲ್ಲಿ ಪಿಟೀಲು ನುಡಿಸುವ ಹುಡುಗಿ. ಶಾಲೆ ಹೋದರೆ ಪಿಟೀಲೂ ಹೋಗುತ್ತದೆ, ಅದು ಶಾಲೆಯದು.

ಇರ್ಮಾ ಚೀಲ ಕೆಳಗಿಟ್ಟಳು. ಕೈಮುಗಿದು, ಮುಚ್ಚಿದ ಬಾಗಿಲಿಗೇ ಗಟ್ಟಿಯಾಗಿ ಮರಿಯಮ್ಮನ ಜಪ ಶುರುಮಾಡಿದಳು. ಅರ್ಧಕ್ಕೆ ನಾಲಿಗೆ ತಡವರಿಸಿತು. ಚರ್ಚಿಗೆ ಹೋಗಿ ಎಷ್ಟು ಕಾಲವಾಗಿತ್ತೋ. ಹಿಂದಿನ ಸಾಲನ್ನೇ ಮತ್ತೆ ಹೇಳಿದಳು.

ಒಳಗಿನ ಮುದುಕಿಗೆ ತಡೆಯಲಾಗಲಿಲ್ಲ. ಉಳಿದ ಸಾಲು ಬಾಗಿಲಾಚೆಯಿಂದ ಬಿರುಸಾಗಿ ಬಂತು, ಆಮೆನ್ ಸಮೇತ. ಚಿಲಕ ಸರಿಯಿತು.

"ನಮ್ಮವಳೇ. ಆದ್ರೆ ದಡ್ಡಿ," ಎಂದಳು ಹುಡುಗಿಯ ಅಜ್ಜಿ ದೋನ್ಯಾ ಕೂಕಾ, ಊರುಗೋಲಿನ ಮೇಲೆ ಬಾಗಿ. "ಯಾರಮ್ಮಾ ನೀನು?"

"ಕೋರ್ಟಿಂದ ಬಂದಿದೀನಿ ದೋನ್ಯಾ ಕೂಕಾ."

"ಅಯ್ಯೋ ಸ್ವಾಮಿ! ಇದಕ್ಕಿಂತ ಆ ಪ್ರಚಾರದವರೇ ವಾಸಿಯಾಗಿತ್ತು."

ಸೋಫಾದ ಹಿಂದಿನಿಂದ ಹುಡುಗಿ ಎದ್ದು ನಿಂತಳು. ಹದಿನೈದರ ತೆಳ್ಳನೆ ಹುಡುಗಿ, ಅಂಗೈ ತುಂಬ ಜಡ್ಡು. ಯಾಕೆ ಇಷ್ಟು ದಿನ ಹೋಗಿಲ್ಲ ಎಂದಿದ್ದಕ್ಕೆ, "ನಿದ್ದೆ ಬಂತು ಮಿಸ್," ಎಂದಳು. ಶಾಲೆಯಲ್ಲೂ ಹೇಳಿದ್ದು ಇದನ್ನೇ.

"ನಾಳೆ ಜಡ್ಜ್ ಮುಂದೆ ನಿದ್ದೆ ಬಂತು ಅಂದ್ರೆ ನಿನ್ನನ್ನ ಶಾಲೆಯಿಂದ ತೆಗೀತಾರೆ, ಗೊತ್ತಾ?"

ಹುಡುಗಿ ಬೂಟು ನೋಡಿದಳು. ಬೂಟಿಗೆ ಹಸಿ ಬಿಳಿಮಣ್ಣು. ಹೊರಗೆ ಜಗಲಿಯ ಮೇಲೆ ಒಂಟಿಚಕ್ರದ ಕೈಗಾಡಿಯೊಂದಿತ್ತು. ಅದರ ಚಕ್ರಕ್ಕೂ ಅದೇ ಮಣ್ಣು. ಗಾಡಿಯೊಳಗೆ ಹೂವಿನ ಕವಚದ ದಿಂಬು, ಒಂದು ಕೊಡೆ.

"ಆ ಗಾಡೀಲಿ ಏನು ಸಾಗಿಸ್ತೀಯಮ್ಮಾ?" ಎಂದಳು ಇರ್ಮಾ.

ಅರಾಸೆಲಿ ಅಜ್ಜಿಯ ಕಡೆ ನೋಡಿದಳು, ಅಷ್ಟೇ.

"ನನ್ನನ್ನ," ಎಂದಳು ದೋನ್ಯಾ ಕೂಕಾ.

ಊರುಗೋಲು ಒರಗಿಸಿಟ್ಟು ಎಲ್ಲವನ್ನೂ ಹೇಳಿದಳು. ತನ್ನನ್ನು ಡಯಾಲಿಸಿಸ್ಸಿಗೆ ಕರೆದೊಯ್ಯುವ ವ್ಯಾನು, ಮಳೆ ಬಿದ್ದರೆ, ಈ ಕೆಸರಿಗೆ ಇಳಿಯುವುದಿಲ್ಲ. ಡಾಂಬರಿನ ತುದಿಯಲ್ಲೇ ನಿಲ್ಲುತ್ತದೆ. ಶಾಲೆಯ ಬಸ್ಸೂ ಅಲ್ಲೇ, ಆದರೆ ವ್ಯಾನಿಗಿಂತ ಬೇಗ; ಅಜ್ಜಿಯನ್ನು ವ್ಯಾನು ಹತ್ತಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಮಗಳು, ಅಂದರೆ ಹುಡುಗಿಯ ತಾಯಿ, ಉತ್ತರದ ಊರುಗಳಲ್ಲಿ ಈರುಳ್ಳಿ ಕೀಳಲು ಹೋಗಿದ್ದಾಳೆ. "ಮೊಮ್ಮಗಳು ನನ್ನನ್ನ ಸಿಮೆಂಟ್ ಮೂಟೆ ಹಾಗೆ ತಳ್ತಾಳೆ ಅಂತ ಬಸ್ಸಿನ ಮಕ್ಕಳು ನಗಬಾರ್ದು ಅಂತ... ಯಾರಿಗೂ ಹೇಳಬೇಡ ಅಂತ ನಾನೇ ಆಣೆ ಹಾಕಿಸಿದ್ದೆ. ಮಳೆ ದಿನ ಶಾಲೆ ತಡವಾಗಿ ಶುರುವಾಗುತ್ತೆ, ಬಸ್ಸು ಇನ್ನೊಮ್ಮೆ ಬರುತ್ತೆ ಅಂದಿದ್ದಳು ಇವಳು. ಏನೇ ಹುಡುಗಿ, ಸುಳ್ಳಾ ಅದು?"

"ನಿಜ ಹೇಳಿದ್ರೆ ನೀನು ವ್ಯಾನು ಹತ್ತುತ್ತಿರಲಿಲ್ಲ ಅಜ್ಜಿ."

ಮುದುಕಿ ಸೆರಗಿನಂಥ ಶಾಲಿನಿಂದ ಮೂಗು ಒರೆಸಿಕೊಂಡಳು.

ಮರುದಿನ ಕೋರ್ಟಿನಲ್ಲಿ ಅರಾಸೆಲಿ ಬೂಟು ನೋಡುವಾಗ ಮಾತಾಡಿದ್ದು ಇರ್ಮಾ. ಜಡ್ಜ್ ಸಲಿನಾಸ್ ಕೇಳುತ್ತ ಕೇಳುತ್ತ ಕಾಫಿ ಮರೆತರು. ಡಯಾಲಿಸಿಸ್ಸನ್ನು ಮಧ್ಯಾಹ್ನದ ಸರದಿಗೆ ಹಾಕಿಕೊಡಲು ಆಸ್ಪತ್ರೆಯವರು ಒಪ್ಪಿದ್ದರು. ಇರ್ಮಾ ಬೆಳಗ್ಗೆಯೇ ಫೋನು ಮಾಡಿದ್ದಳು. ಕೆಸರಿನ ದಿನ ಪಕ್ಕದ ಮನೆಯ ಚೂಯ್ ತನ್ನ ಟ್ರಾಕ್ಟರ್ ತರುತ್ತಾನೆ.

"ಶಾಲೆ ಬಿಡೋ ಮಾತೇ ಇಲ್ಲ," ಎಂದರು ಜಡ್ಜ್. ಆಮೇಲೆ ದನಿ ತಗ್ಗಿಸಿ, "ಅಜ್ಜಿ ತೂಕ ಎಷ್ಟಮ್ಮಾ?"

"ಕೆಸರಲ್ಲಿ ಜಾಸ್ತಿ ಸರ್," ಎಂದಳು ಹುಡುಗಿ. ಮೊದಲ ಬಾರಿ ತಲೆಯೆತ್ತಿದ್ದಳು.

ಹೊರಗೆ ದೋನ್ಯಾ ಕೂಕಾ ಇರ್ಮಾಳ ಎರಡೂ ಕೆನ್ನೆ ಹಿಡಿದು, ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಬರೆದಳು. "ಕ್ರಿಸ್‌ಮಸ್ಸಿಗೆ ತಮಾಲೆ ಕಡುಬು ಮಾಡಿದಾಗ ಬಾ," ಎಂದಳು.

ಡಿಸೆಂಬರಿನಲ್ಲಿ ಇರ್ಮಾ ಹೋದಳು. ಅದೇ ಉದ್ದ ಲಂಗ. ಬಾಗಿಲು ತಟ್ಟಿ, ತಮಾಷೆಗೆ ಜಪ ಶುರುಮಾಡಿದಳು.

"ಸಾಕು ಮಾರಾಯ್ತಿ, ಇನ್ನೂ ಕಲಿತಿಲ್ಲ ನೀನು! ಬಾಗಿಲು ತೆಗೆದೇ ಇದೆ."

ರೇಡಿಯೋ ಹಾಡುತ್ತಲೇ ಇತ್ತು. ಒಳಗಿನ ಕೋಣೆಯಲ್ಲಿ ಪಿಟೀಲೊಂದು ಅದಕ್ಕೆ ಸೇರಲು ಹೋಗಿ, ತಪ್ಪಿ, ಮತ್ತೆ ಮೊದಲಿನಿಂದ ಹಿಡಿಯುತ್ತಿತ್ತು. ಜಗಲಿಯ ಮೇಲೆ, ಕೈಗಾಡಿಯೊಳಗಿನ ಹೂವಿನ ದಿಂಬಿನ ಮೇಲೆ, ಕಂದು ಕೋಳಿಯೊಂದು ಕಾವಿಗೆ ಕೂತಿತ್ತು. ಇರ್ಮಾ ಸದ್ದಾಗದಂತೆ ಅದನ್ನು ದಾಟಿ ಒಳಗೆ ಹೋದಳು.