ನನ್ನ ಹೆಸರಿನಲ್ಲಿ ಹೋದ ಪತ್ರ

ನಮ್ಮ ಹಳ್ಳಿ ವೂರ್‌ಬ್ರೂಕಿನಲ್ಲಿ ಸಾವಿನ ಸುದ್ದಿ ಹೇಳುವ ಕೆಲಸ ನನ್ನದು. ಮೊದಲು ಅದು ಅಪ್ಪನದಾಗಿತ್ತು. ಯಾರ ಮನೆಯಲ್ಲಿ ಸಾವಾದರೂ ಮೊದಲು ನನಗೆ ತಿಳಿಸುತ್ತಾರೆ. ನಾನು ಕರಿ ಕೋಟು ಹಾಕಿಕೊಂಡು ಸೈಕಲ್ ಹತ್ತಿ ನೆರೆಯ ಏಳು ಮನೆಗೂ ಹೋಗಬೇಕು. ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ, ಟೋಪಿ ತೆಗೆದು, ನಿಂತುಕೊಂಡೇ ಹೇಳಬೇಕು. ಮನೆಗಳಿಗೆ ಒಂದು ಕ್ರಮವಿದೆ. ೧೯೬೮ರ ಚಳಿಗಾಲದಲ್ಲಿ ಅಪ್ಪ ಹಿಮಕ್ಕೆ ಹೆದರಿ ಒಂದು ಮನೆಯನ್ನು ಹಿಂದೆ ಹಾಕಿದ. ಆ ಮನೆಯವರು ಹನ್ನೊಂದು ವರ್ಷ ನಮ್ಮ ಜೊತೆ ಮಾತಾಡಲಿಲ್ಲ.

ಈಗ ಐದಾರು ವರ್ಷದಿಂದ ಸೈಕಲ್ಲಿಗಿಂತ ಮೊದಲು ಕಂಪ್ಯೂಟರಿನಲ್ಲಿ ಕಪ್ಪು ಅಂಚಿನ ಪತ್ರ ಹೋಗುತ್ತದೆ. ನಾನು ಆರು ಕ್ಲಾಸು ಓದಿದವನು, ಎರಡು ಬೆರಳಿನಲ್ಲಿ ಒತ್ತುತ್ತೇನೆ. ನನ್ನ ಹೆಸರಿನಲ್ಲಿ ಪತ್ರ ಬಂದರೆ ಯಾರೋ ಹೋಗಿದ್ದಾರೆ ಎಂದೇ ಅರ್ಥ. ಬೇರೆ ಪತ್ರ ನಾನು ಯಾರಿಗೂ ಬರೆದವನಲ್ಲ.

ಆ ಶನಿವಾರ ಬೆಳಿಗ್ಗೆ ನನಗೇ ಒಂದು ಕಪ್ಪು ಅಂಚಿನ ಪತ್ರ ಬಂತು. ವೈರಸ್ ಬಾರದಂತೆ ಹಾಕಿಸಿದ್ದ ಕಂಪ್ಯೂಟರಿನ ಕಾವಲು ಕೆಂಪಗೆ ಎದ್ದು, 'ಇದನ್ನು ಕಳಿಸಿದವರನ್ನು ನಂಬುತ್ತೀರಾ?' ಎಂದು ಕೇಳಿತು. ಆ ಕಾವಲಿನ ಅವಧಿ ವಸಂತದಲ್ಲೇ ಮುಗಿದಿತ್ತು. ದಿನಾ ಏನಾದರೊಂದು ಕೇಳುತ್ತಲೇ ಇತ್ತು, ನಾನು ದಿನಾ ಒತ್ತಿ ಕಳಿಸುತ್ತಿದ್ದೆ. ಸಾವಿನ ಸುದ್ದಿ ತಂದವನನ್ನು ಬಾಗಿಲಲ್ಲಿ ನಿಲ್ಲಿಸಿ ನೀನ್ಯಾರು ಎಂದು ಕೇಳುತ್ತಾರೆಯೇ? ಹೌದು ಎಂದು ಒತ್ತಿದೆ. ಒಳಗೆ ಖಾಲಿ ಹಾಳೆ.

ಸ್ವಲ್ಪ ಹೊತ್ತಿಗೆ ಫೋನು ಬಡಿದುಕೊಂಡಿತು. ನನ್ನ ಹೆಂಡತಿ ಯೆನ್ನೆಕೆ ಹಿಟ್ಟಿನ ಕೈಯಲ್ಲೇ ಎತ್ತಿದಳು. ಆ ಕಡೆ ಪಕ್ಕದ ಮನೆಯ ಹಂದಿ ಸಾಕುವ ಟೋನ್. ಅವನ ಗಂಟಲು ದೊಡ್ಡದು, ನನಗೂ ಕೇಳಿಸುತ್ತಿತ್ತು.

"ಯೆನ್ನೆಕೆ? ನೀನು ಬದುಕಿದ್ದೀಯಾ?"

"ಹಿಟ್ಟು ಕಲಸ್ತಿದ್ದೀನಿ. ಯಾಕೆ, ಸಾಯೋಕೆ ಹೇಳಿದ್ಯಾ?"

"ನಿನ್ನ ಗಂಡ ಹಾರ್ಮ್‌ದು ಪತ್ರ ಬಂತು ಕಣೆ! ತೆಗೆದ್ರೆ ಹೆಸರೇ ಇಲ್ಲ. ನೀನೇ ಅಂದ್ಕೊಂಡೆ. ಈಗ ನೋಡಿದ್ರೆ ನನ್ನ ಕಂಪ್ಯೂಟರಿಗೆ ಏನೋ ಬಡಿದಿದೆ, ಒಂದೂ ತೆರೀತಿಲ್ಲ."

ನಾನು ಓಡಿ ಹೋಗಿ ನನ್ನದನ್ನು ನೋಡಿದೆ. ಅದೂ ಹಾಗೇ. ಎಲ್ಲದಕ್ಕೂ ಬೀಗ ಬಿದ್ದಿತ್ತು. ನನ್ನದರಲ್ಲಿ ಇದ್ದದ್ದು ಪಾರಿವಾಳಗಳ ಪಟ್ಟಿ, ನಾಲ್ಕು ಮದುವೆ ಫೋಟೋ. ಅದು ಹೋದರೆ ಹೋಗಲಿ. ಆದರೆ ನಾನು ಒತ್ತಿದ್ದೇ ತಡ, ಪತ್ರ ನನ್ನ ಕಂಪ್ಯೂಟರಿನ ಪಟ್ಟಿಯಲ್ಲಿದ್ದ ಎಲ್ಲರಿಗೂ ಹೋಗಿತ್ತು, ನನ್ನ ಹೆಸರಿನಲ್ಲಿ.

"ವೆಸ್ಸೆಲ್!" ಎಂದೆ.

ವೆಸ್ಸೆಲ್ ನಿವೃತ್ತಿಗೆ ಮೊದಲು ಹಾಲಿನ ಲಾರಿ ಓಡಿಸುತ್ತಿದ್ದ. ಆಮೇಲೆ ಹದಿನಾಲ್ಕು ವರ್ಷ ಮನೆಮನೆಗೆ ಹೋಗಿ, ಮುದುಕ ಮುದುಕಿಯರನ್ನು ಕೂರಿಸಿಕೊಂಡು ಅವರ ಮಾತು ರೆಕಾರ್ಡು ಮಾಡಿ ಹಿಡಿದಿಟ್ಟ. ನಲವತ್ಮೂರು ಜನ. ನನ್ನೊಬ್ಬನನ್ನು ಬಿಟ್ಟು ಎಲ್ಲರೂ ಈಗ ಚರ್ಚಿನ ಹಿಂದೆ ಮಲಗಿದ್ದಾರೆ. ಅದರಲ್ಲಿ ನಮ್ಮಮ್ಮ ಸಂಜೆಯ ಹೊತ್ತು ಹಸುಗಳನ್ನು ಹೆಸರು ಹಿಡಿದು ಕರೆಯುವುದೂ ಇತ್ತು. ಎಲ್ಲ ಅವನ ಕಂಪ್ಯೂಟರಿನಲ್ಲಿ, ಅದೊಂದರಲ್ಲೇ. ಇನ್ನೊಂದು ಪ್ರತಿ ಮಾಡಿಡು ಎಂದು ಟೋನ್ ಹೇಳಿದಾಗ, "ಇಲ್ಲಿಗೆ ಯಾವ ಕಳ್ಳ ಬರ್ತಾನೋ" ಎಂದು ನಕ್ಕಿದ್ದ.

ಯೆನ್ನೆಕೆ ಅವನಿಗೆ ಫೋನು ಹಚ್ಚಿದಳು. ಬಡಿಯಿತು, ಬಡಿಯಿತು, ಎತ್ತಲಿಲ್ಲ.

"ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೂತಿರ್ತಾನೆ. ನೀನು ಹೊರಡು. ನಾನು ಹಚ್ತಾನೇ ಇರ್ತೀನಿ," ಎಂದಳು.

ಹೊಳೆಯ ಪಕ್ಕದ ಮಣ್ಣು ದಾರಿಯಲ್ಲಿ ಹೋದರೆ ವೆಸ್ಸೆಲ್ ಮನೆ ಹತ್ತೇ ನಿಮಿಷ. ಆದರೆ ಕ್ರಮದಲ್ಲಿ ಅವನದು ಏಳನೆಯದು. ನಾನು ಏನನ್ನೂ ಯೋಚಿಸಲಿಲ್ಲ. ಐವತ್ತು ವರ್ಷದಿಂದ ತುಳಿದ ಕಾಲು ತುಳಿಯಿತು. ಮೊದಲ ಮನೆ ಟೋನ್‌ನದು, ಅವನಿಗೆ ಆಗಲೇ ಗೊತ್ತಿತ್ತು; ಸೈಕಲ್ ಎರಡನೇ ಮನೆಯ ಗೇಟಿಗೆ ತಿರುಗಿತು.

ಅದು ಎಂಬತ್ತಾರು ವರ್ಷದ ಗೆಸಿನಾಳ ಮನೆ. ನನ್ನನ್ನು ಕಂಡವಳೇ ಅಡಿಗೆಯ ಏಪ್ರನ್ ಬಿಚ್ಚಿ ಕುರ್ಚಿ ಹಿಡಿದು ನಿಂತಳು.

"ಯಾರಪ್ಪ?"

"ಯಾರೂ ಇಲ್ಲ ಗೆಸಿನಾ. ನನ್ನ ಹೆಸರಲ್ಲಿ ಪತ್ರ ಬಂದ್ರೆ ತೆಗೀಬೇಡ."

"ಯಾರೂ ಇಲ್ಲ ಅಂದ್ರೆ ಈ ಕರಿ ಕೋಟು ಯಾಕೆ?"

ಬಗ್ಗಿ ನೋಡಿಕೊಂಡೆ. ಯಾವಾಗ ಹಾಕಿಕೊಂಡೆನೋ ನನಗೇ ಗೊತ್ತಿಲ್ಲ.

"ಅದೂ ಅಲ್ದೆ, ನನ್ನ ಹತ್ರ ಕಂಪ್ಯೂಟರ್ ಎಲ್ಲಿದೆಯೋ?" ಎಂದಳು.

ಆಗಲಾದರೂ ತಿರುಗಿಸಬೇಕಿತ್ತು. ಮೂರನೇ ಮನೆಗೆ ಹೋದೆ. ಅವರು ಆಗಲೇ ತೆಗೆದಿದ್ದರು. ನಾಲ್ಕನೆಯವರು ಪತ್ರ ನೋಡಿರಲಿಲ್ಲ, ಅವರಿಗೆ ಎರಡು ಸಲ ಬಿಡಿಸಿ ಹೇಳಬೇಕಾಯಿತು. ಐದರಲ್ಲಿ ಯಾರೂ ಇಲ್ಲ. ಆದರೂ ಹಿತ್ತಲ ಬಾಗಿಲು ತಟ್ಟಿ ಕಾದೆ. ಆರನೇ ಮನೆಯ ಗಂಡಸು ಅಂಗಳದಿಂದಲೇ ಕೂಗಿದ, "ಏನೋ ಹಾರ್ಮ್, ಪತ್ರದಲ್ಲಿ ಹೆಸರೇ ಇಲ್ಲ! ಯಾರು ಅಂತ ನಾವೇ ಆರಿಸ್ಕೋಬೇಕಾ?" ನನಗೆ ನಗು ಬರಲಿಲ್ಲ.

ವೆಸ್ಸೆಲ್ ಮನೆ ಮುಟ್ಟುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಅವನು ತಲೆ ಬಾಚಿ, ಒಗೆದ ಅಂಗಿ ತೊಟ್ಟು, ಕೈ ಮಡಿಲಲ್ಲಿಟ್ಟುಕೊಂಡು ಕಂಪ್ಯೂಟರಿಗೆ ಬೆನ್ನು ಹಾಕಿ ಕುಳಿತಿದ್ದ.

"ಬಂದ್ಯಾ. ಹೆಸರು ಬರೆಯೋಕೆ ನಿನಗೆ ಕೈ ಬಂದಿಲ್ಲ ಅಂದ್ಮೇಲೆ ಯೆನ್ನೆಕೆನೇ ಇರಬೇಕು ಅಂದ್ಕೊಂಡೆ. ಅದಕ್ಕೇ ಅಂಗಿ ಬದಲಾಯಿಸ್ದೆ. ಫೋನು ಬಡೀತಾನೇ ಇತ್ತು, ಸಾವಿನ ಸುದ್ದಿ ಫೋನಲ್ಲಿ ಕೇಳೋದಾ ಅಂತ ಎತ್ತಲಿಲ್ಲ."

"ಯಾವಾಗ ತೆಗೆದೆ?"

"ಈಗ್ಲೇ. ಹತ್ತು ನಿಮಿಷ ಆಗಿರಬಹುದು."

ಅವನ ಬೆನ್ನ ಹಿಂದೆ ಪರದೆಯ ಮೇಲೆ ಆ ನಲವತ್ಮೂರು ಜನರ ಹೆಸರುಗಳು ಒಂದರ ಕೆಳಗೊಂದು ಇದ್ದವು. ಮೇಲಿನಿಂದ ಒಂದೊಂದಾಗಿ ಬದಲಾಗುತ್ತಿದ್ದವು. ಹೆಸರಿದ್ದ ಕಡೆ ಓದಲಾಗದ ಅಕ್ಷರ. ಅಮ್ಮನ ಹೆಸರು ಇನ್ನೂ ಕೆಳಗಿತ್ತು.

"ವೈರು ಕಿತ್ತುಹಾಕು!" ಎಂದು ಕೂಗಿದೆ.

ಪ್ಲಗ್ಗು ಓಕ್ ಮರದ ಬೀರುವಿನ ಹಿಂದೆ. ಇಬ್ಬರೂ ಹೆಗಲು ಕೊಟ್ಟೆವು. ಅದು ಅಲುಗಲಿಲ್ಲ. ವೆಸ್ಸೆಲ್ ನೆಲಕ್ಕೆ ಮಲಗಿ ಕೈ ತೂರಿಸಿದ. "ಸಿಗ್ತಿಲ್ಲ ಕಣೋ, ಸಿಗ್ತಿಲ್ಲ," ಎನ್ನುತ್ತಿದ್ದ. ಕೊನೆಗೆ ಪೊರಕೆಯ ಹಿಡಿಯಿಂದ ತಿವಿದು ಕಿತ್ತ. ಪರದೆ ಆರಿತು. ಅಷ್ಟರಲ್ಲಿ ಅಮ್ಮನನ್ನು ದಾಟಿ ಹೋಗಿತ್ತು.

ಅವನು ನೆಲದ ಮೇಲೇ ಕುಳಿತು ಉಸಿರು ಬಿಡುತ್ತಿದ್ದ.

"ಮಣ್ಣು ದಾರಿಲಿ ಬಂದ್ಯಾ?"

"ಇಲ್ಲ. ಕ್ರಮದಲ್ಲಿ ಬಂದೆ."

ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವನು ತಲೆಯಾಡಿಸಿ, "ಮತ್ತೆ ಹೇಗೆ ಬರ್ತೀಯ," ಎಂದ. "ನಿನ್ನ ಹೆಸರಿತ್ತು. ತೆಗೀದೆ ಇರೋಕೆ ನನಗೂ ಆಗ್ಲಿಲ್ಲ."

ಸೋಮವಾರ ಪಟ್ಟಣದಿಂದ ಕಂಪ್ಯೂಟರ್ ರಿಪೇರಿಯ ಹೆಂಗಸು ವೆಸ್ಸೆಲ್ ಮನೆಗೆ ಬಂದಳು. ಎರಡು ಗಂಟೆ ಕುಳಿತು ನೋಡಿದಳು.

"ಎಲ್ಲ ಇಲ್ಲೇ ಇದೆ ಅಜ್ಜ. ಆದ್ರೆ ಬೀಗ ಹಾಕಿದೋರ ಹತ್ರ ಕೀಲಿ. ಕೆಳಗಿನ ಮೂರು ಮಾತ್ರ ಉಳಿದಿವೆ."

"ಯಾರದ್ದು?" ಎಂದು ವೆಸ್ಸೆಲ್ ಕೇಳಿದ.

ಅವಳು ಓದಿದಳು. ಒಂದು ನನ್ನದು. ಇನ್ನೆರಡರಲ್ಲಿ ಮಾತು ಸರಿಯಾಗಿ ಹಿಡಿಯದೆ ಬರೀ ಗಾಳಿಯ ಸದ್ದಿದೆ ಎಂದು ವೆಸ್ಸೆಲ್ ಹೇಳಿದ.

"ಹೊಸ ಕಾವಲು ಹಾಕಿ ಹೋಗ್ತೀನಿ," ಎಂದಳು ಅವಳು.

"ಇನ್ನು ಕಾಯೋಕೆ ಏನಿದೆಯಮ್ಮ?" ಎಂದ ವೆಸ್ಸೆಲ್.

ಅವಳು ಹಾಕುವುದನ್ನು ನಿಲ್ಲಿಸಲಿಲ್ಲ. ಪರದೆಯ ಮೇಲೆ ಒಂದು ಹಸಿರು ಗೆರೆ ನಿಧಾನಕ್ಕೆ ತುಂಬತೊಡಗಿತು. ಅದು ತುಂಬುವವರೆಗೂ ಮೂವರೂ ನೋಡುತ್ತ ಕುಳಿತೆವು.